ಮೂರನೆಯ ಸುತ್ತು

ನಮ್ಮ ಮನೆಯ ಹಗ್ಗ ಮಾತಾಡುತ್ತಿತ್ತು. ನಗುವವರು ನಗಲಿ, ನನಗೇನೂ ಬೇಜಾರಿಲ್ಲ; ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ನಕ್ಕವಳೇ. ಭಾರ ಕಟ್ಟಿದ ನಾರಿನ ಹಗ್ಗ ತೆಂಗಿನ ಮರದ ಬೊಡ್ಡೆಯನ್ನು ಉಜ್ಜಿಕೊಂಡು ಜಾರುವಾಗ ಒಂದು ಸದ್ದು ಬರುತ್ತದೆ. ಭಾರ ಕಡಿಮೆಯಿದ್ದರೆ ಗೊಣಗುತ್ತದೆ, ಹೆಚ್ಚಿದ್ದರೆ ನರಳುತ್ತದೆ. ನಮ್ಮ ಮಾವ ಸಣ್ಣತಿಮ್ಮಯ್ಯನವರು ಆ ಸದ್ದು ಕೇಳಿಯೇ ಬಾವಿಯೊಳಗೆ ಎಷ್ಟು ತೂಕ ನೇತಾಡುತ್ತಿದೆ, ಹಿಡಿದವನ ಕೈ ಸಡಿಲವೋ ಬಿಗಿಯೋ ಎಂದು ಹೇಳಿಬಿಡುತ್ತಿದ್ದರು. ಎಂಬತ್ತಮೂರರ ಬೇಸಿಗೆಯಲ್ಲಿ, ಸಂಪಿಗೆಯ ಹತ್ತಿರ ಗಂಗಾಧರಯ್ಯನವರ ತೋಟದ ಬಾವಿಗೆ ಮೂರು ಕ್ವಿಂಟಾಲಿನ ಡೀಸೆಲ್ ಇಂಜಿನ್ನು ಇಳಿಯುತ್ತಿದ್ದಾಗ ಹಗ್ಗ ಒಂದು ಮಾತನ್ನೂ ಆಡಲಿಲ್ಲ. ಅದರ ಕೆಳಗೆ ನನ್ನ ಗಂಡ ಈರಣ್ಣ ನಿಂತಿದ್ದ.

ನಮ್ಮ ಊರು ತುರುವೇಕೆರೆಗೆ ಐದು ಮೈಲಿ. ಯಾವ ಕಡೆ ತಿರುಗಿದರೂ ತೆಂಗಿನ ತೋಟವೇ, ಆದರೆ ಹಿತ್ತಲಿನ ಒಂದು ಮರ ಬಿಟ್ಟರೆ ನಮ್ಮದು ಅಂತ ಏನೂ ಇರಲಿಲ್ಲ. ನಮ್ಮ ಮನೆಯವರದು ಹಗ್ಗದ ಕೆಲಸ. ಬಾವಿಗೆ ಪಂಪು ಇಳಿಸುವುದು, ಕೆಟ್ಟಾಗ ಮೇಲೆತ್ತುವುದು, ಕಾಲು ಜಾರಿ ಬಿದ್ದ ಹಸುವನ್ನು ಜೀವಸಹಿತ ಎತ್ತುವುದು, ಹೂಳು ತೆಗೆಯುವುದು. ಕೆಂಕೆರೆಯಿಂದ ಸಂಪಿಗೆಯ ತನಕ ಯಾರ ಬಾವಿಯಲ್ಲಿ ಕೆಲಸ ಬಿದ್ದರೂ ಮೊದಲು ನಮ್ಮ ಮನೆಗೆ ಆಳು ಬರುತ್ತಿತ್ತು. ಮಾವನ ಕಣ್ಣಿಗೆ ಪೊರೆ ಬಂದ ಮೇಲೆ ಇಬ್ಬರು ಮಕ್ಕಳು ಕೆಲಸ ಹಂಚಿಕೊಂಡರು. ದೊಡ್ಡವರು, ಅಂದರೆ ನನ್ನ ಭಾವ ಹಾಲಸ್ವಾಮಿ, ಮೇಲೆ ನಿಂತು ಹಗ್ಗ ಹಿಡಿಯುವವರು. ಚಿಕ್ಕವನು, ನನ್ನ ಗಂಡ, ಬಾವಿಗಿಳಿದು ಭಾರವನ್ನು ಜಾಗಕ್ಕೆ ಕೂರಿಸುವವನು. ತಮ್ಮನ ಜೀವ ಅಣ್ಣನ ಅಂಗೈಯಲ್ಲಿ ಎಂದು ನಾನು ಮಾತಿಗೆ ಹೇಳುತ್ತಿಲ್ಲ, ಕೆಲಸವೇ ಹಾಗಿತ್ತು.

ಮೂರು ಕ್ವಿಂಟಾಲನ್ನು ಒಬ್ಬ ಮನುಷ್ಯ ಹೇಗೆ ಹಿಡಿಯುತ್ತಾನೆ ಎಂದು ನಾನೂ ಕೇಳಿದ್ದೆ. ಮಾವ ಬಾಯಲ್ಲಿ ಹೇಳುವ ಪೈಕಿಯಲ್ಲ. ಕೊಟ್ಟಿಗೆಯಲ್ಲಿದ್ದ ಹೋರಿಯ ಹಗ್ಗವನ್ನು ನನ್ನ ಮುಂದೆ ಹಾಕಿ, ಹಿಡಿದುಕೋ ಎಂದು ಹೇಳಿ, ಹೋರಿಯ ಬೆನ್ನಿಗೊಂದು ಏಟು ಕೊಟ್ಟರು. ಹೊಸ ಸೊಸೆ ಎಂಬ ಮರ್ಯಾದೆ ನೋಡದೆ ಅದು ನನ್ನನ್ನು ತಿಪ್ಪೆಯ ತನಕ ಎಳೆದುಕೊಂಡು ಹೋಯಿತು. ಆಮೇಲೆ ಅದೇ ಹಗ್ಗವನ್ನು ಹಿತ್ತಲ ತೆಂಗಿನ ಮರಕ್ಕೆ ಒಂದು ಸುತ್ತು ಸುತ್ತಿ ತುದಿ ಹಿಡಿಯಲು ಹೇಳಿದರು. ಈ ಸಲ ಹಲ್ಲು ಕಚ್ಚಿಕೊಂಡು ತಡೆದೆ. ಎರಡು ಸುತ್ತು ಸುತ್ತಿದರು. ಹೋರಿ ನೆಲ ಕೆರೆದು ಕೆರೆದು ಸೋತಿತು, ನಾನು ಎರಡೇ ಬೆರಳಲ್ಲಿ ಹಗ್ಗ ಹಿಡಿದು ನಿಂತಿದ್ದೆ.

"ಹಿಡ್ಕೊಂಡಿರೋದು ನೀನಲ್ಲ ಕಣವ್ವ, ಮರ," ಎಂದರು ಮಾವ. "ನೀನು ಸುಮ್ನೆ ಮರಕ್ಕೆ ನೆನಪು ಮಾಡ್ತಾ ಇರ್ಬೇಕು, ಅಷ್ಟೆ."

ನಾನು ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನ ತನಕ ಓದಿದವಳು. ಘರ್ಷಣೆ ಎಂದರೇನು ಎಂದು ಮೇಷ್ಟ್ರು ಹಲಗೆಯ ತುಂಬ ಬಾಣ ಬರೆದು ಹೇಳಿಕೊಟ್ಟಿದ್ದರು, ನಾನು ಬಾಯಿಪಾಠ ಮಾಡಿ ಒಪ್ಪಿಸಿದ್ದೆ. ಅರ್ಥವಾದದ್ದು ಮಾತ್ರ ಆ ಹೋರಿಯಿಂದ. ಒಂದು ಸುತ್ತಾದರೆ ಭಾರ ಓಡುತ್ತದೆ, ಮೂರಾದರೆ ಹಗ್ಗ ಮರವನ್ನು ಕಚ್ಚಿಕೊಂಡು ಭಾರ ಇಳಿಯುವುದೇ ಇಲ್ಲ, ಕೈಯಿಂದ ನೂಕಿ ನೂಕಿ ಕೊಡಬೇಕು. ಎರಡು ಸುತ್ತು ನಮ್ಮ ಮನೆಯ ಪದ್ಧತಿ. ಮಾವನ ಅಪ್ಪನೂ ಎರಡೇ ಸುತ್ತು ಸುತ್ತಿದ್ದರಂತೆ.

ನಮ್ಮ ಕೆಲಸದ ಹಗ್ಗ ನಾನು ಮತ್ತು ನಮ್ಮತ್ತೆ ಹೊಸೆದದ್ದು. ಕಾಯಿಮಟ್ಟೆಯನ್ನು ಕೆರೆಯಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬಡಿದು, ನಾರು ಬಿಡಿಸಿ, ಹೊಸೆದು, ಮೂರು ಹುರಿ ಸೇರಿಸಿ ಮಾಡಿದ ಹಗ್ಗ. ಮೈಯೆಲ್ಲ ಮುಳ್ಳು ಮುಳ್ಳು. ಮಾಡಿ ಮುಗಿಸುವಷ್ಟರಲ್ಲಿ ನಮ್ಮಿಬ್ಬರ ಅಂಗೈಯೂ ಉರಿದುಹೋಗಿತ್ತು. ಅತ್ತೆ ತೀರಿಕೊಂಡ ಎರಡು ವರ್ಷಕ್ಕೆ ಅದರ ಒಂದು ಹುರಿಯನ್ನು ಇಲಿ ಕಡಿಯಿತು. ಸರಿಮಾಡುತ್ತೇನೆ, ಒಂದು ತಿಂಗಳು ಕೊಡಿ ಎಂದು ನಾನು ಕೇಳಿದೆ. ಬೇಸಿಗೆ ಬಂದು ಬಾವಿಗಳ ನೀರು ಕೆಳಗೆ ಹೋಗುತ್ತಿತ್ತು, ಕೆಲಸಕ್ಕೆ ಕರೆಯುವವರು ದಿನವೂ ಬಾಗಿಲಿಗೆ ಬರುತ್ತಿದ್ದರು. ಯಾರು ಕಾಯುತ್ತಾರೆ?

ಇಲ್ಲಿ ನನ್ನ ಭಾವನ ವಿಷಯ ಹೇಳಲೇಬೇಕು. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನಿಗೆ ಕೈಯಿಂದ ಕೈಗೆ ಏನನ್ನೂ ಕೊಡುವ ಹಾಗಿಲ್ಲ, ತೆಗೆದುಕೊಳ್ಳುವ ಹಾಗೂ ಇಲ್ಲ. ಬೆರಳು ತಗುಲಿತೆಂದರೆ ಮುಗಿಯಿತು. ಭಾವ ಸಂತೆಯಿಂದ ಉಪ್ಪು ತಂದರೂ ಬಗ್ಗಿ ಹೊಸ್ತಿಲ ಮೇಲಿಟ್ಟು, ಒಂದು ಸಲ ಕೆಮ್ಮಿ ಆಚೆ ಸರಿಯುತ್ತಿದ್ದರು, ನಾನು ಎತ್ತಿಕೊಳ್ಳುತ್ತಿದ್ದೆ. ನಾನು ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟು ಬಳೆ ಸದ್ದು ಮಾಡಿ ಒಳಗೆ ಬರುತ್ತಿದ್ದೆ, ಅವರು ತೆಗೆದುಕೊಳ್ಳುತ್ತಿದ್ದರು. ಅವರ ಹೆಂಡತಿ ಹೆರಿಗೆಯಲ್ಲಿ ಹೋದ ಮೇಲೆ ಊರ ಬಾಯಿಗೆ ಹೆದರಿ ಈ ನೇಮವನ್ನು ಇನ್ನೂ ಬಿಗಿ ಮಾಡಿಕೊಂಡರು. ಮನುಷ್ಯ ಕೆಟ್ಟವರಲ್ಲ. ನನ್ನನ್ನು ಒಂದು ದಿನ ಗದರಿದವರಲ್ಲ. ಒಂದು ಸಲ ಮಳೆಯಲ್ಲಿ ತೊಪ್ಪೆಯಾಗಿ ಬಂದಾಗ ಒಣ ಟವೆಲು ತಂದೆ. ಜಗಲಿಯೆಲ್ಲ ಒದ್ದೆ, ಇಡಲು ಜಾಗವಿಲ್ಲ. ನಾನು ಟವೆಲು ಹಿಡಿದು ಆ ಕಡೆ ಈ ಕಡೆ ನೋಡುತ್ತಿದ್ದೆ, ಅವರು ನೀರು ಸುರಿಸಿಕೊಂಡು ಗೋಡೆ ನೋಡುತ್ತಿದ್ದರು. ಈರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಿಮ್ಮಿಬ್ಬರ ಮಧ್ಯೆ ನೆಲ ಒಂದಿಲ್ದೇ ಹೋಗಿದ್ರೆ ಈ ಮನೆ ಉಪವಾಸ ಬೀಳ್ತಿತ್ತು ಕಣೇ," ಎಂದ.

ನಾನೂ ನಕ್ಕೆ. ಏಳು ವರ್ಷದಲ್ಲಿ ಅದು ನನ್ನ ಕೈಗೂ ರೂಢಿಯಾಗಿಹೋಗಿತ್ತು. ಭಾವ ಏನಾದರೂ ಹಿಡಿದು ಬಂದರೆ ನನ್ನ ಕಣ್ಣು ಅವರ ಕೈ ನೋಡುತ್ತಿರಲಿಲ್ಲ, ಅವರು ಇಡಬಹುದಾದ ಜಾಗ ನೋಡುತ್ತಿತ್ತು.

ಅಣ್ಣತಮ್ಮ ಇಬ್ಬರೂ ತಿಪಟೂರಿಗೆ ಹೋಗಿ ನೈಲಾನ್ ಹಗ್ಗ ತಂದರು. ನೀಲಿ ಬಣ್ಣ, ಹೆಬ್ಬೆರಳಿನಷ್ಟೇ ದಪ್ಪ. ನಮ್ಮ ಹಳೆಯ ಹಗ್ಗ ಹೊರಲು ಇಬ್ಬರು ಬೇಕಿತ್ತು, ಇದನ್ನು ಈರಣ್ಣ ಒಂದೇ ಹೆಗಲಿಗೆ ನೇತುಹಾಕಿಕೊಂಡು ಬಸ್ಸಿಳಿದು ಬಂದ. ಲಾರಿಯನ್ನೇ ನೇತುಹಾಕಿದರೂ ಹರಿಯುವುದಿಲ್ಲ, ನೀರಲ್ಲಿ ಕೊಳೆಯುವುದಿಲ್ಲ, ಇಲಿ ಮೂಸುವುದಿಲ್ಲ ಎಂದು ಅಂಗಡಿಯವನು ಹೇಳಿದ್ದನಂತೆ. ಅವನು ಸುಳ್ಳು ಹೇಳಿರಲಿಲ್ಲ. ನನ್ನ ಹಗ್ಗ ಅಟ್ಟ ಸೇರಿತು. ಈರಣ್ಣ ನೀಲಿ ಹಗ್ಗವನ್ನು ನನ್ನ ಮುಂದೆ ಕುಕ್ಕಿ, ನೋಡು ನಿನ್ನ ಸವತಿ ಬಂದಳು, ಬಣ್ಣದಲ್ಲಿ ನಿನಗಿಂತ ವಾಸಿ ಎಂದು ಕೆಣಕಿದ. ನನಗೆ ನಿಜವಾಗಿಯೂ ಉರಿಯಿತು. ಅವತ್ತು ರಾಗಿ ಮುದ್ದೆಯನ್ನು ಅವನ ತಟ್ಟೆಗೆ ಹಾಕಲಿಲ್ಲ, ಎಸೆದೆ.

ಮಾವ ಆ ಹಗ್ಗವನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಬೆರಳಾಡಿಸಿದರು. ಕೆನ್ನೆಗೆ ಉಜ್ಜಿ ನೋಡಿದರು.

"ಇದಕ್ಕೆ ಕೈ ಇಲ್ಲ ಕಣ್ಲಾ ಹಾಲ," ಎಂದರು ಕೊನೆಗೆ. "ಹರಿಯಲ್ಲ, ಸರಿ. ಆದ್ರೆ ಹಿಡ್ಕಳೋದೂ ಇಲ್ಲ."

ಅಪ್ಪನಿಗೆ ಹಳೆಯದೆಲ್ಲ ಚಿನ್ನ ಎಂದು ಭಾವ ನಕ್ಕರು. ನನಗೆ ಮಾವನ ಮಾತು ಎದೆಗೆ ನಾಟಿತು. ನಾನು ಬಟ್ಟೆ ಒಗೆಯುವಾಗ ಅದೇ ಹಗ್ಗದ ತುಂಡಿನಲ್ಲಿ ಕೊಡ ಕಟ್ಟಿ ನೋಡಿದ್ದೆ. ಗಂಟು ಹಾಕಿದರೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಹೇಳಬೇಕೆಂದುಕೊಂಡೆ. ಹೇಳಿದರೆ ಸವತಿ ಮತ್ಸರ ಎಂದು ಈರಣ್ಣ ಊರೆಲ್ಲ ಹೇಳಿಕೊಂಡು ನಗುತ್ತಾನೆ ಎಂದು ಬಿಗುಮಾನದಿಂದ ಬಾಯಿ ಮುಚ್ಚಿಕೊಂಡೆ. ನನ್ನ ಬಿಗುಮಾನಕ್ಕೆ ಬೆಂಕಿ ಬೀಳಲಿ.

ಸಣ್ಣಪುಟ್ಟ ಕೆಲಸ ಆ ಹಗ್ಗದಲ್ಲಿ ಚೆನ್ನಾಗಿಯೇ ಆದವು. ಹೂಳು ತೆಗೆದರು, ಒಂದು ಕರೆಂಟಿನ ಮೋಟರು ಎತ್ತಿದರು. ಭಾರದ ಕೆಲಸ ಎಂದು ಬಂದದ್ದು ಗಂಗಾಧರಯ್ಯನವರದೇ ಮೊದಲು. ಅವರ ತೋಟದ ಬಾವಿಯಲ್ಲಿ ನೀರು ಎಷ್ಟು ಇಳಿದಿತ್ತೆಂದರೆ ಮೇಲಿದ್ದ ಡೀಸೆಲ್ ಇಂಜಿನ್ನು ಬರೀ ಗಾಳಿ ಎಳೆಯುತ್ತಿತ್ತು. ಬಾವಿಯೊಳಗೆ ನಲವತ್ತು ಅಡಿ ಕೆಳಗೆ, ಗೋಡೆಯಿಂದ ಹೊರಗೆ ಚಾಚಿದ ಒಂದು ಕಲ್ಲಿನ ಕಟ್ಟೆ ಇತ್ತು. ಇಂಜಿನ್ನನ್ನು ಅದರ ಮೇಲೆ ಕೂರಿಸಬೇಕು.

ಅವತ್ತು ಬೆಳಗ್ಗೆ ಮಾವ ನಾನೂ ಬರುತ್ತೇನೆ ಎಂದು ಹಟ ಹಿಡಿದರು. ಮೂರು ವರ್ಷದಿಂದ ಕೆಲಸದ ಜಾಗಕ್ಕೆ ಕಾಲಿಡದವರು. ಗಂಡಸರು ಮುಂದೆ ಹೋದರು, ನಾನು ತಲೆಯ ಮೇಲೆ ಊಟದ ಬುಟ್ಟಿ ಇಟ್ಟುಕೊಂಡು, ಮಾವನ ಕೋಲಿನ ತುದಿ ಹಿಡಿದು ತೋಟದ ದಾರಿಯಲ್ಲಿ ನಡೆಸಿಕೊಂಡು ಹೋದೆ. ನಾವು ಮುಟ್ಟಿದಾಗ ಬಾವಿಯ ಮೇಲೆ ಅಡ್ಡಮರ ಹಾಕಿ, ಕಬ್ಬಿಣದ ರಾಟೆ ಕಟ್ಟಿ ಆಗಿತ್ತು. ಇಂಜಿನ್ನಿನಿಂದ ಹೊರಟ ನೀಲಿ ಹಗ್ಗ ರಾಟೆಯ ಮೇಲೆ ಹಾದು, ಹತ್ತು ಹೆಜ್ಜೆ ದೂರದ ತೆಂಗಿನ ಮರಕ್ಕೆ ಎರಡು ಸುತ್ತು ಸುತ್ತಿ ಭಾವನ ಕೈಗೆ ಬಂದಿತ್ತು. ಮಿಕ್ಕ ಹಗ್ಗವನ್ನು ಭಾವ ಸುರುಳಿ ಮಾಡಿ ಎಡ ಹೆಗಲಿಗೆ ಹಾಕಿಕೊಂಡಿದ್ದರು. ಕೆಲಸದ ಹಗ್ಗ ನೆಲಕ್ಕೆ ಬೀಳಬಾರದು, ಯಾರೂ ತುಳಿಯಬಾರದು ಎಂದು ಅವರ ಪದ್ಧತಿ.

ಮೊದಲು ಪರೀಕ್ಷೆಗೆಂದು ಒಂದು ಮರಳಿನ ಮೂಟೆ ಇಳಿಸಿದರು. ನಯವಾಗಿ ಹೋಯಿತು. ಗಂಗಾಧರಯ್ಯನವರು ತಲೆದೂಗಿದರು. ಮಾವ ಮಾತ್ರ ಮರದ ಕಡೆ ಕಿವಿ ಕೊಟ್ಟು ಕೂತಿದ್ದವರು ಕೋಲು ಊರಿ ಎದ್ದು ನಿಂತರು.

"ಹಗ್ಗ ಮಾತಾಡ್ತಾ ಇಲ್ಲ ಕಣ್ಲಾ. ಮೂರು ಸುತ್ತು ಹಾಕು."

ಹೊಸ ಹಗ್ಗ, ಇನ್ನೂ ಬಾಯಿ ಬಂದಿಲ್ಲ ಅಪ್ಪ ಎಂದರು ಭಾವ. ಮೂರು ಸುತ್ತು ಹಾಕಿದರೆ ಕಚ್ಚಿಕೊಳ್ಳುತ್ತದೆ, ಸಂಜೆಯಾದರೂ ಇಂಜಿನ್ನು ಇಳಿಯುವುದಿಲ್ಲ ಎಂದೂ ಹೇಳಿದರು. ನಾರಿನ ಹಗ್ಗದ ಮಟ್ಟಿಗೆ ಅದು ನಿಜವಾದ ಮಾತು. ಇನ್ನೊಂದೂ ಇತ್ತು, ಅದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ: ಮೂರನೆಯ ಸುತ್ತು ಎಂದರೆ ಕೈಯಲ್ಲಿ ಕಸುವಿಲ್ಲದವನ ಲಕ್ಷಣ. ತೋಟದ ಯಜಮಾನರ ಎದುರಿಗೆ ಅದನ್ನು ಹೇಗೆ ಹಾಕುತ್ತಾರೆ?

ಈರಣ್ಣ ವಾಚು ಬಿಚ್ಚಿ ಅಣ್ಣನ ಅಂಗಿಯ ಜೇಬಿಗೆ ಹಾಕಿದ. ಬಾವಿಗಿಳಿಯುವ ಮುಂಚೆ ಯಾವಾಗಲೂ ಹಾಗೆ ಮಾಡುತ್ತಿದ್ದ. ನನ್ನ ಬುಟ್ಟಿಯ ಬಟ್ಟೆ ಎತ್ತಿ ಏನಿದೆ ಎಂದು ಇಣುಕಿದ. ನಾನು ಅವನ ಕೈಗೊಂದು ಏಟು ಕೊಟ್ಟೆ.

"ಮುದ್ದೆ ಆರೋದ್ರೊಳ್ಗೆ ಬತ್ತೀನಿ ಬುಡು," ಎಂದ. ಬಾವಿಯ ಗೋಡೆಯಲ್ಲಿ ಚಾಚಿದ ಮೆಟ್ಟಿಲುಗಲ್ಲುಗಳ ಮೇಲೆ ಕಾಲಿಡುತ್ತಾ ಇಳಿದುಹೋದ.

ಆ ಕಟ್ಟೆ ಎರಡು ಮಾರು ಉದ್ದ, ಒಂದು ಮಾರು ಅಗಲ. ಇಂಜಿನ್ನು ಅದರ ಮೇಲೆ ಬಂದಾಗ ಒಬ್ಬ ನಿಂತು ತಿರುಗಿಸಿ ಕೂರಿಸಬೇಕು. ಮೆಟ್ಟಿಲು ಇರುವುದು ಕಟ್ಟೆಯ ಒಂದು ತುದಿಗೆ, ಅವನು ನಿಲ್ಲಬೇಕಾದದ್ದು ಇನ್ನೊಂದು ತುದಿಗೆ. ಇಂಜಿನ್ನು ನಡುವೆ ಬಂದರೆ ಅವನಿಗೆ ಹೋಗಲು ಬೇರೆ ದಾರಿಯಿಲ್ಲ. ಕೆಳಗೆ ಮೊಣಕಾಲುದ್ದ ನೀರು, ಅದರಡಿ ಬಂಡೆ. ಇದನ್ನೆಲ್ಲ ನಾನು ಬಾವಿಯ ದಂಡೆಯಲ್ಲಿ ನಿಂತು ಒಂದು ಸಲ ಬಗ್ಗಿ ನೋಡಿದ್ದೆ. ನೋಡಬಾರದಿತ್ತು ಅನ್ನಿಸಿ ಮರದ ಹತ್ತಿರ ಬಂದೆ.

ಭಾವ ಮೈಯನ್ನು ಹಿಂದಕ್ಕೆ ವಾಲಿಸಿ, ಹಿಮ್ಮಡಿಯನ್ನು ಒಂದು ಕಲ್ಲಿಗೆ ಕೊಟ್ಟು ಹಗ್ಗ ಬಿಡತೊಡಗಿದರು. ಗಂಗಾಧರಯ್ಯನವರು ಬಾವಿಯ ಆಚೆ ದಡದಲ್ಲಿ ನಿಂತು, ಇಂಜಿನ್ನು ಗೋಡೆಗೆ ತಗುಲದ ಹಾಗೆ ಉದ್ದನೆಯ ಬಿದಿರು ಗಳುವಿನಲ್ಲಿ ತಳ್ಳುತ್ತಿದ್ದರು. ಮೊದಲ ಹತ್ತು ಅಡಿ ಸರಿಯಾಗಿ ಹೋಯಿತು. ರಾಟೆ ಮಾತ್ರ ಕಿರಗುಟ್ಟುತ್ತಿತ್ತು. ಮರದ ಮೇಲೆ ಹಗ್ಗ ಜಾರುತ್ತಿದೆ ಎಂದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಏನೂ ಇಲ್ಲ. ಏಳು ವರ್ಷ ಆ ಸದ್ದು ಕೇಳಿದವಳಿಗೆ ಅದಿಲ್ಲದಿರುವುದು ಎಷ್ಟು ಕೆಟ್ಟದಾಗಿತ್ತೆಂದರೆ, ನಾನೇ ಕಿವುಡಿಯಾದೆನೇನೋ ಎಂದು ಬಳೆ ಅಲ್ಲಾಡಿಸಿ ನೋಡಿಕೊಂಡೆ.

ಆಮೇಲೆ ವಾಸನೆ ಬಂತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಬೊಡ್ಡೆಯ ಮೇಲೆ ಹಗ್ಗ ಉಜ್ಜಿದ ಜಾಗದಲ್ಲಿ ನೀಲಿಯ ಒಂದು ಪಟ್ಟಿ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ನಾರಿನ ಹಗ್ಗ ಬಿಸಿಯಾದರೆ ಇನ್ನೂ ಒರಟಾಗಿ ಕಚ್ಚುತ್ತದೆ. ಇದು ಬಿಸಿಯಾದಷ್ಟೂ ಮೆತ್ತಗಾಗಿ ಜಾರುತ್ತಿತ್ತು. ನೋಡುತ್ತಿದ್ದ ಹಾಗೇ ಹಗ್ಗ ಭಾವ ಬಿಡದೆಯೇ ಒಂದು ಗೇಣು ಓಡಿತು. ಅವರು ಬಿಗಿ ಹಿಡಿದರು, ನಿಂತಿತು. ಮತ್ತೆ ಒಂದು ಮೊಳ ಓಡಿತು.

"ನಿಧಾನ ಕಣಣ್ಣ," ಎಂದು ಬಾವಿಯೊಳಗಿಂದ ಈರಣ್ಣನ ದನಿ ಬಂತು. ಅವನ ದನಿಯಲ್ಲಿ ಭಯವಿರಲಿಲ್ಲ. ಅಣ್ಣ ಆತುರ ಮಾಡುತ್ತಿದ್ದಾನೆ ಎಂದುಕೊಂಡಿದ್ದ ಪಾಪ.

ಭಾವ ಹಿಮ್ಮಡಿಯನ್ನು ಕಲ್ಲಿಗೆ ಇನ್ನೂ ಒತ್ತಿದರು. ಅವರ ಕುತ್ತಿಗೆಯ ನರ ಉಬ್ಬಿದ್ದವು. ಹಗ್ಗ ನಿಲ್ಲುತ್ತಲೂ ಇರಲಿಲ್ಲ, ಓಡುತ್ತಲೂ ಇರಲಿಲ್ಲ. ಬೆರಳು ಬೆರಳಿನಷ್ಟು ಸರಿಯುತ್ತಿತ್ತು. ಅವರ ಅಂಗೈಯಿಂದ ಹೊಗೆಯಂಥದ್ದು ಏಳುತ್ತಿತ್ತು. ಮರ ಹಿಡಿಯುವುದನ್ನು ಬಿಟ್ಟಿದೆ, ಅಷ್ಟೂ ಭಾರ ಈಗ ಒಬ್ಬ ಮನುಷ್ಯನ ಮೈಮೇಲೆ ಬರುತ್ತಿದೆ ಎಂದು ನನಗೆ ಗೊತ್ತಾಯಿತು. ಅವರು ಹಿಮ್ಮಡಿ ಎತ್ತಿದರೆ ಹಗ್ಗ ಅವರನ್ನೇ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಮರ ಸುತ್ತಿ ಬರುವುದು ಅವರ ಕೈಲಾಗದು.

"ಇನ್ನೊಂದ್ ಸುತ್ತು," ಎಂದರು ಮಾವ. ನನ್ನ ಕಡೆ ತಿರುಗಿದರು. "ಗೌರವ್ವ, ತುದಿ ಈಸ್ಕೊಂಡು ಮರ ಸುತ್ತವ್ವ. ಒಂದೇ ಸುತ್ತು."

ಗಂಗಾಧರಯ್ಯನವರು ಬಾವಿಯ ಆಚೆ ಇದ್ದರು. ಸುತ್ತಿ ಬರುವಷ್ಟು ಹೊತ್ತಿರಲಿಲ್ಲ. ಮರದ ಈ ಕಡೆ ಇದ್ದವಳು ನಾನೊಬ್ಬಳೇ. ತುದಿ ಇದ್ದದ್ದು ಭಾವನ ಎಡ ಹೆಗಲ ಮೇಲೆ. ಅದನ್ನು ನಾನು ತೆಗೆದುಕೊಂಡು, ಬಿಗಿದ ಹಗ್ಗದ ಅಡಿ ನುಸುಳಿ, ಮರವನ್ನು ಒಂದು ಸುತ್ತು ಹಾಕಿ ಎಳೆದರೆ ಸಾಕು. ಹೋರಿಯನ್ನು ಎರಡು ಬೆರಳಲ್ಲಿ ಹಿಡಿದವಳು ನಾನು, ಒಂದು ಸುತ್ತು ಎಷ್ಟು ಭಾರ ಹೊರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು ಹೆಜ್ಜೆ ಓಡಿ ಭಾವನ ಮುಂದೆ ನಿಂತೆ.

ಭಾವ ಬಲಗೈಯಲ್ಲಿ ಹಗ್ಗವನ್ನು ಸೊಂಟಕ್ಕೆ ಅವುಚಿಕೊಂಡು, ಇನ್ನೂ ಹಿಂದಕ್ಕೆ ವಾಲಿ, ಎಡಗೈಯಿಂದ ಹೆಗಲ ಮೇಲಿನ ಸುರುಳಿಯನ್ನು ತೆಗೆದರು. ನನ್ನ ಕಡೆ ಚಾಚಿದರು. ಆ ಚಾಚಿದ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ. ನಮ್ಮಿಬ್ಬರ ನಡುವೆ ಒಂದು ಗೇಣು ಜಾಗವಿತ್ತು.

ಆಮೇಲೆ ಅವರು ಬಗ್ಗಿದರು. ಹಗ್ಗದ ಸುರುಳಿಯನ್ನು, ಏಳು ವರ್ಷ ಉಪ್ಪು ಇಟ್ಟ ಹಾಗೆ, ಬೆಲ್ಲ ಇಟ್ಟ ಹಾಗೆ, ನನ್ನ ಕಾಲ ಹತ್ತಿರ ನೆಲಕ್ಕೆ ಇಟ್ಟರು.

ಹಿಂದಕ್ಕೆ ವಾಲಿದ್ದ ಮೈ ಮುಂದಕ್ಕೆ ಬಂತು. ಹಿಮ್ಮಡಿ ಕಲ್ಲಿನಿಂದ ಜಾರಿತು. ಸೊಂಟಕ್ಕೆ ಒತ್ತಿದ್ದ ಹಗ್ಗ ಅವರ ಬಲಗೈಯನ್ನು ಸೀಳಿಕೊಂಡು ಹೊರಟಿತು. ನಾನು ನೆಲದ ಸುರುಳಿಯ ಮೇಲೆ ಬಿದ್ದೆ, ಎರಡೂ ಕೈಯಲ್ಲಿ ಬಾಚಿದೆ, ಅದು ನನ್ನ ಬೆರಳ ಸಂದಿಯಿಂದ ನೀರಿನ ಹಾಗೆ ಹೋಯಿತು. ಮರ ಕೊನೆಯ ತನಕ ಒಂದು ಸದ್ದು ಮಾಡಲಿಲ್ಲ. ರಾಟೆ ಕಿರುಚಿತು. ಅದು ನಿಂತ ಮೇಲೆ ಬಾವಿಯೊಳಗಿಂದ ಬಂದದ್ದು ಕಬ್ಬಿಣ ಕಲ್ಲಿಗೆ ಬಿದ್ದ ಸದ್ದೊಂದೇ. ಈರಣ್ಣ ಕೂಗಿದ್ದು ನನಗೆ ಕೇಳಿಸಲಿಲ್ಲ. ಕೂಗುವಷ್ಟು ಹೊತ್ತು ಅವನಿಗೆ ಸಿಕ್ಕಿರಲಿಕ್ಕಿಲ್ಲ.

ಪೊಲೀಸಿನವರು ಬಂದು ಪಂಚನಾಮೆ ಮಾಡಿದರು. ಹಗ್ಗವನ್ನು ಇಬ್ಬರು ಎಳೆದು ನೋಡಿದರು. ಹಗ್ಗ ಎಲ್ಲಿಯೂ ಹರಿದಿಲ್ಲ, ಗಟ್ಟಿಯಾಗಿದೆ ಎಂದು ಬರೆದುಕೊಂಡರು. ನೋಡಿ, ಅಂಗಡಿಯವನು ಹೇಳಿದ್ದು ಅಷ್ಟು ನಿಜ. ಊರವರು ತಲೆಗೊಂದು ಮಾತಾಡಿದರು. ನೈಲಾನಿನದೇ ತಪ್ಪು ಎಂದವರಿದ್ದರು. ಹೆಂಗಸು ಕೆಲಸದ ಹಗ್ಗದ ಹತ್ತಿರ ಹೋದದ್ದಕ್ಕೇ ಹೀಗಾಯಿತು ಎಂದವರೂ ಇದ್ದರು. ನಾರಿನ ಹಗ್ಗ ಹುಟ್ಟುವುದೇ ಹೆಂಗಸಿನ ಕೈಯಲ್ಲಿ ಎಂದು ಅವರಿಗೆ ಹೇಳುವ ತ್ರಾಣ ನನಗಿರಲಿಲ್ಲ. ಭಾವ ಬಗ್ಗಿದ್ದನ್ನು ಯಾರೂ ನೋಡಿರಲಿಲ್ಲ. ಗಂಗಾಧರಯ್ಯನವರು ಬಾವಿಯೊಳಗೆ ನೋಡುತ್ತಿದ್ದರು, ಮಾವನಿಗೆ ಕಣ್ಣಿರಲಿಲ್ಲ. ಅದು ಗೊತ್ತಿದ್ದವರು ನಾವಿಬ್ಬರೇ.

ನಾನು ಭಾವನನ್ನು ಎಷ್ಟು ದ್ವೇಷಿಸಿದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಎದ್ದರೆ ಅದೇ, ಮಲಗಿದರೆ ಅದೇ. ತಮ್ಮನ ಜೀವ ಹೋಗುತ್ತಿರುವಾಗಲೂ ನಿನ್ನ ಕೈಗೆ ಮಡಿಮೈಲಿಗೆ ನೆನಪಿತ್ತಲ್ಲ ಎಂದು ಮನಸ್ಸಿನಲ್ಲೇ ಶಪಿಸಿದೆ. ನೆಟ್ಟಗೆ ನಿಂತುಕೊಂಡು ಕೊಟ್ಟಿದ್ದರೆ ಮೈಭಾರ ಹಗ್ಗದ ಮೇಲೆ ಇರುತ್ತಿತ್ತು, ಮೂರನೆಯ ಸುತ್ತು ಬೀಳುತ್ತಿತ್ತು, ಈರಣ್ಣ ಮುದ್ದೆ ಆರುವುದರೊಳಗೆ ಮೇಲೆ ಬರುತ್ತಿದ್ದ. ಇದನ್ನೇ ನೂರು ಸಲ ಲೆಕ್ಕ ಹಾಕಿದೆ. ಪ್ರತಿ ಸಲವೂ ಲೆಕ್ಕ ಸರಿಯಾಗಿಯೇ ಬರುತ್ತಿತ್ತು.

ಆದರೆ ನಾನು ಇಲ್ಲಿಯ ತನಕ ಒಂದನ್ನು ಬಿಟ್ಟು ಹೇಳಿದ್ದೇನೆ. ಭಾವ ಕೈ ಚಾಚಿದರು ಎಂದೆ, ನಡುವೆ ಒಂದು ಗೇಣು ಜಾಗವಿತ್ತು ಎಂದೆ. ಆ ಒಂದು ಗೇಣು ಉಳಿದದ್ದು ನನ್ನಿಂದ. ನನ್ನ ಕೈ ಮುಂದಕ್ಕೆ ಹೋಯಿತು, ಅವರ ಬೆರಳು ಹತ್ತಿರ ಬಂದದ್ದೇ ನಿಂತುಬಿಟ್ಟಿತು. ಕಣ್ಣು ತಾನಾಗಿಯೇ ನೆಲಕ್ಕೆ ಹೋಯಿತು, ಎಲ್ಲಿ ಇಡುತ್ತಾರೆ ಎಂದು ನೋಡಲು. ಭಾವ ಅದನ್ನು ನೋಡಿದರು. ನೋಡಿದ ಮೇಲೆ ಬಗ್ಗಿದರು.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನೆಂಟರೆಲ್ಲ ಹೋದ ಮಾರನೆಯ ದಿನ ನಾನು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ಭಾವ ಜಗಲಿಯಿಂದ ಎದ್ದು ಒಳಗೆ ಬಂದರು. ಕೆಮ್ಮಲಿಲ್ಲ. ಅವರ ಬಲ ಅಂಗೈಯ ಬಟ್ಟೆಯನ್ನು ಅವತ್ತಷ್ಟೇ ಬಿಚ್ಚಿದ್ದರು. ಹಗ್ಗ ಕರಗಿ ಮಾಂಸಕ್ಕೆ ಅಂಟಿದ್ದನ್ನು ತಿಪಟೂರಿನ ಡಾಕ್ಟರು ಕಿತ್ತು ತೆಗೆದಿದ್ದರು. ಅಲ್ಲಿ ಹೊಸ ಚರ್ಮ ಕೆಂಪಗೆ ನುಣ್ಣಗೆ ಬಂದಿತ್ತು, ಒಂದು ಗೆರೆಯಿರಲಿಲ್ಲ. ಆ ಅಂಗೈಯ ಮೇಲೆ ಈರಣ್ಣನ ವಾಚು ಇತ್ತು. ಅವರು ನನ್ನೆದುರು ನೆಟ್ಟಗೆ ನಿಂತು ಕೈ ಚಾಚಿದರು. ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ ಅವರು ನನ್ನ ಮುಖವನ್ನು ನೋಡುತ್ತಿದ್ದರು.

"ತಕ್ಕೊಳವ್ವ," ಎಂದರು. ಆ ನುಣುಪಿನ ಮೇಲೆ ವಾಚು ಸರಿಯುತ್ತಿತ್ತು. ಹಾಗಿದ್ದರೂ ಅವರು ಬಗ್ಗಲಿಲ್ಲ, ಕಾದರು.

ನಾನು ಎದ್ದು ನಿಂತೆ. ತೆಗೆದುಕೊಳ್ಳಬೇಕೆಂದು ನನಗೆ ಮನಸ್ಸಿತ್ತು, ದೇವರಾಣೆಗೂ ಇತ್ತು. ಕೈ ಎತ್ತಿದೆ. ಒಂದು ಗೇಣು ಇದೆ ಎನ್ನುವಾಗ ಅದು ಮತ್ತೆ ನಿಂತಿತು.

"ಕೆಳಗಿಡಿ ಭಾವ," ಎಂದೆ.

ಅವರು ಬಗ್ಗಿ ವಾಚನ್ನು ಹೊಸ್ತಿಲ ಮೇಲಿಟ್ಟರು. ಅವರು ಎದ್ದು ಆಚೆ ಹೋಗುವ ತನಕ ಕಾದಿದ್ದು, ಆಮೇಲೆ ಎತ್ತಿಕೊಂಡೆ.